ಸದಾಶಿವಪ್ಪನವರ ಪೆಪ್ಟೈಡು

ಸದಾಶಿವಪ್ಪನವರಿಗೆ ನೂರಾ ಇಪ್ಪತ್ತು ವರ್ಷ ಬದುಕಬೇಕೆಂಬ ಆಸೆ ಹುಟ್ಟಿದ್ದು ಒಂದು ಕುರ್ಚಿಯಿಂದ. ಅದಕ್ಕೆ ಮೊದಲು ಅವರಿಗೆ ಅಂಥ ದುರಾಸೆ ಇರಲಿಲ್ಲ. ಬೆಳಿಗ್ಗೆ ಎದ್ದವರಿಗೆ ಸಂಜೆಯವರೆಗೆ ಬದುಕುವುದೇ ಉದ್ದವಾಗಿ ಕಾಣುತ್ತಿತ್ತು.

ಸೊರಬದಲ್ಲಿ ಹಳೆಯ ಸಹಪಾಠಿಯೊಬ್ಬರ ಮಗಳ ಮದುವೆ. ಹೈಸ್ಕೂಲಿನಲ್ಲಿ ಒಟ್ಟಿಗೆ ಓದಿದವರೆಲ್ಲ ಫೋಟೋ ತೆಗೆಸಿಕೊಳ್ಳೋಣವೆಂದು ವೇದಿಕೆ ಹತ್ತಿದರು. ಫೋಟೋಗ್ರಾಫರ್ ಕ್ಯಾಮೆರಾದ ಹಿಂದಿನಿಂದ ತಲೆ ಎತ್ತಿ, "ಆ ಅಜ್ಜಾರಿಗೆ ಒಂದು ಕುರ್ಚಿ ಹಾಕ್ರೋ. ಪಾಪ, ಎಷ್ಟೊತ್ತು ನಿಲ್ತಾರೆ!" ಎಂದ. ಸದಾಶಿವಪ್ಪನವರು ಎಲ್ಲರಂತೆ ತಾವೂ ಆ ಅಜ್ಜ ಯಾರೆಂದು ಸುತ್ತ ನೋಡಿದರು. ಕುರ್ಚಿ ಬಂದು ಅವರ ಮಂಡಿಯ ಹಿಂದೆಯೇ ನಿಂತಿತು.

ಅಷ್ಟಕ್ಕೆ ಮುಗಿದಿದ್ದರೆ ಅವರು ನುಂಗಿಕೊಳ್ಳುತ್ತಿದ್ದರು. ಆದರೆ ಫೋಟೋಗ್ರಾಫರ್ ಪಕ್ಕದಲ್ಲಿದ್ದ ಗೌರೀಶಂಕರನಿಗೆ, "ಅಣ್ಣಾ, ನೀವು ಅಜ್ಜಾರ ಹೆಗಲ ಮೇಲೆ ಕೈ ಇಡಿ. ಹಾಂ, ಮಗ ಇಟ್ಟ ಹಾಗೆ!" ಎಂದುಬಿಟ್ಟ. ಗೌರೀಶಂಕರ ಸದಾಶಿವಪ್ಪನವರಿಗಿಂತ ನಾಲ್ಕು ತಿಂಗಳು ದೊಡ್ಡವನು. ಕೈ ಇಟ್ಟ. ಸಂತೋಷವಾಗಿಯೇ ಇಟ್ಟ.

ಊಟದ ಪಂಕ್ತಿಯಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಪಾಯಸ ಬರುವವರೆಗೆ ತಡೆದುಕೊಂಡಿದ್ದ ಸದಾಶಿವಪ್ಪನವರು ಕೊನೆಗೆ ಕೇಳಿಯೇಬಿಟ್ಟರು.

"ಏನ್ ಮಾಡ್ಕೊಂಡಿದೀಯೋ ನೀನು ಮೈಗೆ?"

ಗೌರೀಶಂಕರ ಎರಡೂ ಕಡೆ ನೋಡಿ ದನಿ ತಗ್ಗಿಸಿದ. "ಪೆಪ್ಟೈಡ್ ಮಾರಾಯ."

"ಹಂಗಂದ್ರೆ?"

"ನಮ್ಮ ಮೈಯೊಳಗೇ ಇರ್ತದಲ್ಲ, ಪ್ರೋಟೀನು, ಅದರ ಸಣ್ಣ ಸಣ್ಣ ತುಂಡು. ಒಳಗೆ ಹೋಗಿ, ಏ ಇಲ್ಲಿ ಮಂಡಿ ಸವೆದದೆ, ಇಲ್ಲಿ ನರ ಹರಿದದೆ, ರಿಪೇರಿ ಮಾಡು ಅಂತ ಮೈಗೇ ಹೇಳ್ತದೆ. ಹೊರದೇಶದ ಕೋಟ್ಯಧೀಶರೆಲ್ಲ ಅದನ್ನೇ ಚುಚ್ಚಿಸ್ಕಂಡು ನೂರಾ ಇಪ್ಪತ್ತು ವರ್ಷಕ್ಕೆ ಲೆಕ್ಕ ಹಾಕಿ ಕೂತಿದಾರೆ."

"ಚುಚ್ಚಬೇಕೇನೋ?"

"ಹೊಟ್ಟೆಗೆ. ಇರುವೆ ಕಚ್ಚಿದ ಹಾಗೆ, ಅಷ್ಟೇಯ. ನಾನು ಮೂರು ತಿಂಗಳಾಯ್ತು ಶುರುಮಾಡಿ. ಎಂತ, ಗೊತ್ತಾಗ್ತದಲ್ದಾ?" ಎಂದು ಗೌರೀಶಂಕರ ತನ್ನ ಕಪ್ಪು ಕೂದಲ ಮೇಲೆ ಕೈಯಾಡಿಸಿಕೊಂಡ.

ಸದಾಶಿವಪ್ಪನವರು ಶಿಕಾರಿಪುರಕ್ಕೆ ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ತಮ್ಮ ನೋಯುವ ಮಂಡಿಯನ್ನೇ ನೋಡುತ್ತ ಬಂದರು. ಮನೆ ತಲುಪುವ ಮೊದಲೇ ಗೌರೀಶಂಕರ ಮೊಬೈಲಿಗೆ ಕಳಿಸಿದ್ದ ಲಿಂಕಿನಲ್ಲಿ ಒತ್ತಬೇಕಾದ್ದನ್ನೆಲ್ಲ ಒತ್ತಿ ದುಡ್ಡೂ ಕಟ್ಟಿಯಾಗಿತ್ತು.

ಇವರು ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಇಪ್ಪತ್ತು ವರ್ಷ ಜಾಲರಿ ಕಿಟಕಿಯ ಹಿಂದೆ ಕೂತು ಮೈಕಿನಲ್ಲಿ ಮಾತಾಡಿದ್ದರು. ದಿನಕ್ಕೆ ಸಾವಿರ ಜನ ಅವರ ಮಾತು ಕೇಳಿ ಎದ್ದು ಓಡುತ್ತಿದ್ದರು. ಒಬ್ಬರೂ ತಿರುಗಿ ಉತ್ತರ ಕೊಡುತ್ತಿರಲಿಲ್ಲ. ಮನೆಯಲ್ಲಿ ಉತ್ತರ ಕೊಡುತ್ತಿದ್ದ ಹೆಂಡತಿ ತೀರಿಕೊಂಡು ಐದು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ನಿವೃತ್ತಿಯಾದ ಮೇಲೆ ಶಿಕಾರಿಪುರದ ಈ ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಿದ್ದರು. ಬಾಗಿಲನ್ನು ಹಗಲೆಲ್ಲ ಅರ್ಧ ತೆರೆದೇ ಇಡುತ್ತಿದ್ದರು. ಪೂರ್ತಿ ತೆರೆದರೆ ನಾಯಿ ಬರುತ್ತದೆ, ಪೂರ್ತಿ ಹಾಕಿದರೆ ಮನೆಯಲ್ಲಿ ಯಾರೂ ಇಲ್ಲವೆಂದು ಜನ ತಿಳಿದುಕೊಳ್ಳುತ್ತಾರೆ ಎಂಬುದು ಅವರ ಸಿದ್ಧಾಂತ. ಓಣಿಯವರು ಹೋಗುತ್ತ ಬರುತ್ತ, "ಊಟ ಆಯ್ತೇನ್ರೀ?" ಎನ್ನುತ್ತಿದ್ದರು. ಇವರು "ಆಯ್ತ್ರೀ, ನಿಮ್ದು?" ಎನ್ನುವಷ್ಟರಲ್ಲಿ ಅವರು ತಿರುವು ದಾಟಿರುತ್ತಿದ್ದರು. ಎರಡು ವರ್ಷದಲ್ಲಿ ಆ "ನಿಮ್ದು?" ಎಂಬ ಪ್ರಶ್ನೆಗೆ ಒಮ್ಮೆಯೂ ಉತ್ತರ ಸಿಕ್ಕಿರಲಿಲ್ಲ.

ಹತ್ತು ದಿನಕ್ಕೆ ಕೊರಿಯರ್‌ನಲ್ಲಿ ಥರ್ಮೋಕೋಲ್ ಪೆಟ್ಟಿಗೆ ಬಂತು. ಒಳಗೆ ಐಸಿನ ಚೀಲ, ಅದರ ನಡುವೆ ಹೆಬ್ಬೆರಳಿನ ಗಾತ್ರದ ಹತ್ತು ಗಾಜಿನ ಸೀಸೆ, ಪ್ರತಿಯೊಂದರ ತಳದಲ್ಲಿ ಚಿಟಿಕೆ ಬಿಳಿ ಪುಡಿ. ಜೊತೆಗೆ ಕೂದಲಿನಷ್ಟು ಸಣ್ಣ ಸೂಜಿಗಳು. ಸೀಸೆಯ ಮೇಲೆ ಮೂರು ಅಕ್ಷರ, ಮೂರು ಅಂಕಿ, ಥೇಟು ಬಸ್ಸಿನ ನಂಬರಿನ ಹಾಗೆ. ಸದಾಶಿವಪ್ಪನವರಿಗೆ ಅದನ್ನು ಕಂಡ ಕೂಡಲೇ ನಂಬಿಕೆ ಬಂತು. ಅವರ ಅನುಭವದಲ್ಲಿ ನಂಬರಿದ್ದದ್ದು ತಡವಾದರೂ ಊರು ಮುಟ್ಟಿಸುತ್ತಿತ್ತು.

ಆದರೆ ತಂಪಿನಲ್ಲಿಡಬೇಕೆಂದು ಬರೆದಿತ್ತು. ಅವರ ಫ್ರಿಜ್ಜು ಹೆಂಡತಿ ಹೋದ ಮೇಲೆ ಭಾವಮೈದುನನ ಮನೆ ಸೇರಿತ್ತು. ಒಬ್ಬನಿಗೆ ಬೇಯಿಸಿದ ಅನ್ನದಲ್ಲಿ ಉಳಿಯುವುದೇನು, ಇಡುವುದೇನು? ಪೆಟ್ಟಿಗೆ ಹಿಡಿದುಕೊಂಡು ಪಕ್ಕದ ಮನೆಯ ನೀಲಾಂಬಿಕಮ್ಮನ ಬಾಗಿಲಿಗೆ ಹೋದರು. ನೀಲಾಂಬಿಕಮ್ಮ ಐವತ್ತು ದಾಟಿದ ಗಟ್ಟಿ ಹೆಂಗಸು. ಓಣಿಯ ಯಾರ ಮನೆಯಲ್ಲಿ ಕುಕ್ಕರ್ ಎಷ್ಟು ಸಲ ಕೂಗಿತೆಂದು ಅವರಿಗೆ ಗೊತ್ತು.

"ಇದೊಂದು ಸಣ್ಣ ಔಷಧಿ ಕಣಮ್ಮ. ಫ್ರಿಜ್ಜಿನಾಗೆ ಒಂದು ಮೂಲೇಲಿ ಜಾಗ ಇದ್ರೆ..."

"ಅಯ್ಯೋ ಇಡ್ರೀ, ಅದಕ್ಕೇನು? ಯಾತಕ್ಕೆ ಔಷಧಿ?"

ತಾನು ಪ್ರಾಯದವನಾಗಲು ಎಂದು ಅರವತ್ತೆರಡರ ಗಂಡಸು ಪಕ್ಕದ ಮನೆಯ ಹೆಂಗಸಿಗೆ ಹೇಗೆ ಹೇಳಿಯಾನು? ಸದಾಶಿವಪ್ಪನವರು ನೆಲ ನೋಡಿದರು. "ಏನೋ... ಇರ್ಲಿ ಬಿಡ್ರಿ ಅದು," ಎಂದರು.

ಅವರು ಅತ್ತ ಹೋದದ್ದೇ ನೀಲಾಂಬಿಕಮ್ಮ ಪೆಟ್ಟಿಗೆ ಬಿಚ್ಚಿ ನೋಡಿದರು. ಐಸಿನಲ್ಲಿ ಬರುವ ಔಷಧಿ. ಸೂಜಿ. ಹೇಳಲಾರದೆ ನೆಲ ನೋಡಿದ ಮನುಷ್ಯ. ಮೊಸರಿನ ಪಾತ್ರೆಯನ್ನು ಪಕ್ಕಕ್ಕೆ ಸರಿಸಿ ಪೆಟ್ಟಿಗೆ ಇಟ್ಟು, ಫ್ರಿಜ್ಜಿನ ಬಾಗಿಲು ಹಾಕಿ, ಕೈಮುಗಿದರು.

ಇನ್ನು ಚುಚ್ಚುವವರು ಬೇಕಿತ್ತು. ಸದಾಶಿವಪ್ಪನವರು ಸೂಜಿ ಹಿಡಿದು ಹೊಟ್ಟೆಯ ಹತ್ತಿರ ತಂದರೆ ಹೊಟ್ಟೆ ತಾನಾಗಿ ಬೆನ್ನಿನ ಕಡೆ ಹೋಗುತ್ತಿತ್ತು. ಡಾಕ್ಟರ ಹತ್ತಿರ ಹೋದರೆ ಬೈಯುತ್ತಾರೆ. ಓಣಿಯಲ್ಲಿ ಸೂಜಿ ಹಿಡಿಯಲು ಬಲ್ಲವನು ಒಬ್ಬನೇ, ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಪರಶುರಾಮ. ಅವನು ಸೀಸೆಯನ್ನು ಬೆಳಕಿಗೆ ಹಿಡಿದು ಸಣ್ಣಕ್ಷರವನ್ನು ಬಿಡಿಸಿ ಬಿಡಿಸಿ ಓದಿದ.

"ಸರ್, ಇದರ ಮೇಲೆ ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ ಅಂತ ಬರೆದೈತೆ."

"ಅದು ಸುಮ್ನೆ ಬರೀತಾರಪ್ಪ. ಬಸ್ಸಿನಾಗೆ ಧೂಮಪಾನ ನಿಷೇಧ ಅಂತ ಬರೆದಿರ್ತಾರಲ್ಲ, ಹಂಗೆ."

ಪರಶುರಾಮ ಸೀಸೆಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದ. "ಮನುಷ್ಯರಿಗಲ್ಲ ಅಂದ್ಮೇಲೆ ಒಂದು ಲೆಕ್ಕದಾಗೆ ನನ್ನ ಇಲಾಖೆಗೇ ಬರುತ್ತೆ ಬಿಡ್ರಿ. ನೀವೇ ಏನಾದ್ರೂ ಎಲ್ಲಂದ್ರಲ್ಲಿ ಚುಚ್ಕೊಳ್ಳೋ ಬದ್ಲಿ ನಾನೇ ಬರ್ತೀನಿ. ಸಂಜೆ ನಾಲ್ಕಕ್ಕೆ."

ಮರುದಿನ ಸಂಜೆ ನಾಲ್ಕಕ್ಕೆ ಪಶು ಆಸ್ಪತ್ರೆಯ ಪರಶುರಾಮ ತನ್ನ ಚರ್ಮದ ಚೀಲ ಹಿಡಿದು, ದನವಿಲ್ಲದ, ಕರುವಿಲ್ಲದ, ಕೋಳಿಯೂ ಇಲ್ಲದ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡದ್ದನ್ನು ಓಣಿ ಕಂಡಿತು. ನೀಲಾಂಬಿಕಮ್ಮನ ಫ್ರಿಜ್ಜಿನ ಸುದ್ದಿ ಅಷ್ಟರಲ್ಲಿ ತಿರುವಿನ ತನಕ ಹೋಗಿತ್ತು. ಎದುರು ಮನೆಯ ಉಚ್ಚಂಗಪ್ಪನವರು ಜವಳಿ ಅಂಗಡಿ ಇಟ್ಟವರು. ಎರಡು ತುಂಡು ಬಟ್ಟೆ ಸೇರಿಸಿ ಒಂದು ಅಂಗಿ ಮಾಡುವುದು ಅವರಿಗೆ ಅಭ್ಯಾಸ.

"ಮನುಷ್ಯರ ಡಾಕ್ಟ್ರು ಕೈಬಿಟ್ಟಿದಾರೆ," ಎಂದು ಅವರು ತೀರ್ಪು ಕೊಟ್ಟರು. "ಅದಕ್ಕೇ ಪರಶುರಾಮನ್ನ ಹಿಡಿದಿದಾರೆ. ಕೊನೇ ಪ್ರಯತ್ನ."

ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಹೋಗುವುದಕ್ಕೆ ಒಂದು ಶಾಸ್ತ್ರವಿದೆ. ಬರಿಗೈಯಲ್ಲಿ ಹೋಗಬಾರದು. ಹೋದವರು ಕೂಡಲೇ ಏಳಬಾರದು. ಎಲ್ಲಕ್ಕಿಂತ ಮುಖ್ಯ, ಕಾಯಿಲೆ ದೊಡ್ಡದಾದಷ್ಟೂ ಅದರ ಹೆಸರನ್ನು ಅವರೆದುರು ಎತ್ತಲೇಬಾರದು. ನೆಗಡಿಯಾದರೆ ನೂರು ಪ್ರಶ್ನೆ ಕೇಳಬಹುದು. ದೊಡ್ಡದಾದರೆ ಮಳೆ, ಮೆಕ್ಕೆಜೋಳ, ಮಗಳ ಹೆರಿಗೆ ಎಂದು ಊರೆಲ್ಲ ಸುತ್ತಿ ಬರಬೇಕು.

ಮೊದಲ ದಿನ ನೀಲಾಂಬಿಕಮ್ಮ ಬ್ರೆಡ್ಡು, ಮೋಸಂಬಿ ಹಿಡಿದು ಬಂದರು. ಅವರ ಹಿಂದೆ ಎಂಬತ್ತೆರಡರ ಮಾಸ್ತಮ್ಮಜ್ಜಿ ಗೋಡೆ ಹಿಡಿದುಕೊಂಡು ಬಂದಳು. ಉಚ್ಚಂಗಪ್ಪನವರು ಎಳನೀರು ತಂದರು. ಎರಡು ವರ್ಷದಲ್ಲಿ ಆ ಮನೆಯೊಳಗೆ ಮೂರು ಜನ ಒಟ್ಟಿಗೆ ಕೂತದ್ದು ಅದೇ ಮೊದಲು. ಕುರ್ಚಿ ಒಂದೇ ಇದ್ದದ್ದರಿಂದ ಉಚ್ಚಂಗಪ್ಪನವರು ಅಕ್ಕಿ ಡಬ್ಬದ ಮೇಲೆ ಕೂತರು. ಸದಾಶಿವಪ್ಪನವರಿಗೆ ಏನೂ ಅರ್ಥವಾಗಲಿಲ್ಲ. ಯಾಕೆ ಬಂದಿರಿ ಎಂದು ಕೇಳಿದರೆ ಎದ್ದು ಹೋಗಿಬಿಟ್ಟಾರೆಂದು ಕೇಳಲೂ ಇಲ್ಲ.

"ಊಟ ಆಯ್ತೇನ್ರೀ?" ಎಂದರು ನೀಲಾಂಬಿಕಮ್ಮ.

"ಆಯ್ತ್ರೀ. ನಿಮ್ದು?"

"ನಮ್ದೇನು, ಬೆಳಿಗ್ಗೆ ಮಾಡಿದ ಮುದ್ದೆ ಇತ್ತು, ಬದನೆಕಾಯಿ ಪಲ್ಯ ಇತ್ತು. ಬದನೆಕಾಯಿ ಎಂಥಾ ಹುಳ ಅಂತೀರಿ! ನಾಲ್ಕು ಹೆಚ್ಚಿದ್ರೆ ಎರಡು ಬಿಸಾಕೋದು."

ಸದಾಶಿವಪ್ಪನವರು ಆ ಹುಳುಕು ಬದನೆಕಾಯಿಯ ವೃತ್ತಾಂತವನ್ನು ಪುರಾಣ ಕೇಳುವವರ ಹಾಗೆ ಕೇಳಿದರು.

ನಿಜ ಸಂಗತಿ ತಿಳಿದದ್ದು ನಾಲ್ಕನೆಯ ದಿನ. ಹೊರಟು ನಿಂತ ಉಚ್ಚಂಗಪ್ಪನವರು ಅವರ ಕೈಹಿಡಿದು, "ಧೈರ್ಯ ಬಿಡಬ್ಯಾಡ್ರಿ. ನಮ್ಮ ದೊಡ್ಡಪ್ಪಗೂ ಇದೇ ಆಗಿತ್ತು. ಆರು ತಿಂಗಳು ಅಂದಿದ್ರು, ಒಂಬತ್ತು ತಿಂಗಳು ಬದುಕಿದ್ರು," ಎಂದರು.

ಸದಾಶಿವಪ್ಪನವರಿಗೆ ಎಲ್ಲ ಹೊಳೆಯಿತು. ಛೇ, ಹೇಳಿಬಿಡಬೇಕು. "ಉಚ್ಚಂಗಪ್ಪಣ್ಣ, ನನಗೆ..." ಎಂದು ಬಾಯಿ ತೆರೆದರು. ಅಷ್ಟರಲ್ಲಿ ನೀಲಾಂಬಿಕಮ್ಮ ಬಿಸಿ ಅಕ್ಕಿರೊಟ್ಟಿಯ ತಟ್ಟೆ ಹಿಡಿದು ಒಳಗೆ ಬಂದು, "ನಾಳೆ ಎಣ್ಣೆಗಾಯಿ ಮಾಡ್ತೀನಿ, ಇವತ್ತು ಚಟ್ನಿಪುಡೀಲೇ ತಿನ್ರಿ," ಎಂದರು.

ನಾಳೆ ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಆಡಿ ಎಷ್ಟೋ ಕಾಲವಾಗಿತ್ತು. ಸದಾಶಿವಪ್ಪನವರು ತೆರೆದ ಬಾಯಿಗೆ ರೊಟ್ಟಿ ಇಟ್ಟುಕೊಂಡರು.

ಅಂದಿನಿಂದ ಅವರ ಕಷ್ಟ ಶುರುವಾಯಿತು. ಕಾಯಿಲೆಯಿಲ್ಲದವನು ಕಾಯಿಲೆಯವನಾಗಿರುವುದು ಪೂರ್ತಿ ದಿನದ ನೌಕರಿ. ಮೂರೂವರೆಗೆ ಮುಖ ತೊಳೆಯದೆ ಮಂಚ ಹತ್ತಬೇಕು. ನಾಲ್ಕಕ್ಕೆ ಪರಶುರಾಮ ಚುಚ್ಚಿ ಹೋದ ಮೇಲೆ ಒಮ್ಮೆ ನರಳಬೇಕು. ಕೆಟ್ಟದ್ದೆಂದರೆ, ಹತ್ತು ದಿನದಲ್ಲಿ ಅವರ ಮಂಡಿನೋವು ನಿಜವಾಗಿಯೂ ಮಾಯವಾಗಿತ್ತು. ಮುಖಕ್ಕೆ ಕಳೆ ಬಂದಿತ್ತು. ಪೆಪ್ಟೈಡಿನ ಶಕ್ತಿಗೆ ಅವರು ಒಳಗೊಳಗೇ ಬೆರಗಾದರು, ಅದಕ್ಕಿಂತ ಹೆಚ್ಚು ಹೆದರಿದರು. ನೆಟ್ಟಗೆ ನಡೆದರೆ ನಾಲ್ಕು ಗಂಟೆಯ ಮಂದಿ ನಿಂತುಹೋಗುತ್ತಾರೆ! ಹಾಗಾಗಿ ಕುಂಟುತ್ತಿದ್ದರು. ಒಂದು ದಿನ ಮಾತಿನ ಸಂಭ್ರಮದಲ್ಲಿ ಬಲಗಾಲಿನ ಬದಲು ಎಡಗಾಲು ಕುಂಟಿದರು.

ಉಚ್ಚಂಗಪ್ಪನವರು ಹೊರಗೆ ಬಂದು ತಲೆಯಾಡಿಸಿದರು. "ಎಡಗಾಲಿಗೂ ಹಬ್ಬಿತು."

ನವೆಂಬರ್ ಬಂತು. ಪಿಂಚಣಿಯವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ಬ್ಯಾಂಕಿಗೆ ರುಜುವಾತು ಮಾಡಬೇಕಾದ ತಿಂಗಳು. ಸದಾಶಿವಪ್ಪನವರು ಹೋಗಿ ಬರುವವರೇ. ಆದರೆ ಓಣಿ ಬಿಟ್ಟೀತೇ? ಉಚ್ಚಂಗಪ್ಪನವರು ಬ್ಯಾಂಕಿಗೆ ಹೋಗಿ, "ಅವರು ಏಳೋ ಸ್ಥಿತೀಲಿ ಇಲ್ಲ, ನೀವೇ ಬರ್ರಿ," ಎಂದು ಗುರುಪ್ರಕಾಶ್ ಎಂಬ ಅಧಿಕಾರಿಯನ್ನು ಕರೆತಂದರು. ಆತ ಮೊಬೈಲನ್ನು ಸದಾಶಿವಪ್ಪನವರ ಮುಖಕ್ಕೆ ಹಿಡಿದ. ಓಣಿ ಬಾಗಿಲಲ್ಲಿ ಗುಂಪುಗೂಡಿತು.

"ಸರ್, ಕಣ್ಣು ಮಿಟುಕಿಸಿ. ಮಿಟುಕಿಸಿದರೆ ಬದುಕಿದೀರಿ ಅಂತ ಇದಕ್ಕೆ ಗೊತ್ತಾಗುತ್ತೆ."

ಅಷ್ಟು ಜನ ಕಣ್ಣಿಟ್ಟು ನೋಡುತ್ತಿರುವಾಗ ಯಾರಿಗೆ ಕಣ್ಣು ಮಿಟುಕಿಸಲು ಬರುತ್ತದೆ? ಸದಾಶಿವಪ್ಪನವರು ಗುಡ್ಡೆ ಬಿಟ್ಟುಕೊಂಡು ಕೂತರು.

"ಸರ್, ಮಿಟುಕಿಸಿ."

ಮೊಬೈಲು ಕೆಂಪು ಬಣ್ಣ ತೋರಿಸಿ ಟುಂಯ್ ಎಂದಿತು.

"ಏನಂತೈತೆ ಅದು?" ಎಂದಳು ಮಾಸ್ತಮ್ಮಜ್ಜಿ.

"ಆಗಲ್ಲ ಅಂತಿದೆ ಅಜ್ಜಿ."

ನೀಲಾಂಬಿಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆ ಬಿಕ್ಕಳಿಕೆಗೆ ಬೆಚ್ಚಿ ಸದಾಶಿವಪ್ಪನವರು ಪಟಪಟನೆ ಆರು ಸಲ ಕಣ್ಣು ಬಡಿದರು. ಮೊಬೈಲು ಹಸಿರಾಯಿತು. ಗುರುಪ್ರಕಾಶ್‌ಗೆ ಸಮಾಧಾನವಾಯಿತು. ಎದ್ದು ನಿಂತು ಎಲ್ಲರಿಗೂ ಕೇಳುವಂತೆ, "ಇನ್ನೊಂದು ವರ್ಷ ಏನೂ ಚಿಂತೆ ಇಲ್ಲ. ಆಮೇಲಿಂದು ಆಮೇಲೆ ನೋಡೋಣ," ಎಂದ.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು: ಒಂದೇ ವರ್ಷವಂತೆ. ಯಾರು ಹೇಳಿದ್ದು? ಮಿಷನ್ನೇ ಹೇಳಿತಂತೆ.

ಶಿಕಾರಿಪುರದಲ್ಲಿ ಒಂದು ವರ್ಷವಿದ್ದದ್ದು ಶಿರಾಳಕೊಪ್ಪ ದಾಟುವಾಗ ಆರು ತಿಂಗಳಾಗಿ, ಸೊರಬ ಮುಟ್ಟುವಾಗ ಎರಡು ವಾರವಾಗಿತ್ತು. ಜೊತೆಗೆ, "ಏನೋ ಪುಡಿ ಚುಚ್ಚಿಸ್ಕೊಂಡು ಹಿಂಗಾಯ್ತಂತೆ," ಎಂಬ ಬಾಲವೂ ಸೇರಿತ್ತು. ಮರುದಿನ ನಾಲ್ಕೂಕಾಲಿಗೆ, ಎಲ್ಲರೂ ಮಂಚದ ಸುತ್ತ ಕೂತಿದ್ದಾಗ, ಅರ್ಧ ತೆರೆದ ಬಾಗಿಲನ್ನು ಪೂರ್ತಿ ತಳ್ಳಿಕೊಂಡು ಗೌರೀಶಂಕರ ನುಗ್ಗಿದ. ಬೆವರಿಗೆ ಕೂದಲಿನ ಕಪ್ಪು ಕಿವಿಯ ಮುಂದೆ ಎರಡು ಗೆರೆಯಾಗಿ ಇಳಿಯುತ್ತಿತ್ತು.

"ಸದಾಶಿವಾ, ಸಾಯ್ಬೇಡ ಮಾರಾಯಾ! ನಿನ್ನ ಕೊಂದ ಪಾಪ ನನಗೆ ಬೇಡ!"

"ಏ, ಏ, ಸುಮ್ನಿರೋ..." ಸದಾಶಿವಪ್ಪನವರು ಕಣ್ಣಲ್ಲೇ ಸನ್ನೆ ಮಾಡಿದರು. ಕಣ್ಣಿನ ಸನ್ನೆ ಈಗಲೂ ಸರಿಯಾಗಿ ಬರಲಿಲ್ಲ.

"ಎಂತ ಸುಮ್ನಿರೋದು! ಆ ಪೆಪ್ಟೈಡನ್ನು ನಾನು ಒಂದು ಹನಿ ಚುಚ್ಚಿಸ್ಕಳ್ಳಲಿಲ್ಲ ಕಣೋ. ತರಿಸಿದ್ದು ಹೌದು, ಸೂಜಿ ಕಂಡು ಹೆದರಿಕೆಯಾಗಿ ಹಾಗೇ ಇಟ್ಟಿದ್ದೆ. ಇದು ಬರೀ ಬಣ್ಣ!" ಎಂದು ತಲೆ ಬಡಿದುಕೊಂಡ, ಅಂಗೈಯೂ ಕಪ್ಪಾಯಿತು. "ಹಲ್ಲೂ ನನ್ನದಲ್ಲ. ಮದುವೇಲಿ ಯಾರೋ ನನ್ನನ್ನ ಪ್ರಾಯದವನು ಅಂದಿದ್ದಕ್ಕೆ ಜಂಬಕ್ಕೆ ಹೇಳಿಕಂಡೆ. ನಿನ್ನ ಮಂಡಿನೋವಿಗೆ ಎಣ್ಣೆ ಹಚ್ಚಿಕಂಡು ಇದ್ದಿದ್ದರೆ ಆಗ್ತಿತ್ತಲ್ಲೋ, ನೂರಾ ಇಪ್ಪತ್ತು ವರ್ಷದ ಆಸೆ ಎಂತಕ್ಕೆ ಬೇಕಿತ್ತು ನಿನಗೆ?"

ಯಾರದೋ ಕೈಯಿಂದ ಎಳನೀರಿನ ಬುರುಡೆ ಜಾರಿ ಉರುಳಿತು.

"ಮಂಡಿನೋವಾ?" ಎಂದರು ಉಚ್ಚಂಗಪ್ಪನವರು.

"ನೂರಾ ಇಪ್ಪತ್ತಾ?" ಎಂದರು ನೀಲಾಂಬಿಕಮ್ಮ.

ಪರಶುರಾಮ ಮೂಲೆಯಿಂದ ಮುಂದೆ ಬಂದ. ಇಂಥ ಹೊತ್ತಿನಲ್ಲಿ ಒಬ್ಬರು ಸತ್ಯ ಹೇಳಿದರೆ ಉಳಿದವರಿಗೂ ಚಪಲ ಹುಟ್ಟುತ್ತದೆ. "ನಾನೂ ಒಂದು ಮಾತು ಹೇಳ್ಬಿಡ್ತೀನಿ ಸರ್. ಮನುಷ್ಯರಿಗಲ್ಲ ಅಂತ ಬರೆದಿದ್ದನ್ನ ನಿಮಗೆ ಚುಚ್ಚೋಕೆ ನನಗೇನು ಹುಚ್ಚಾ? ಆ ಪುಡೀನೆಲ್ಲ ಮೊದಲ್ನೇ ದಿನವೇ ಚೆಲ್ಲಿದೆ. ಇಷ್ಟು ದಿನ ನಿಮಗೆ ಕೊಟ್ಟಿದ್ದು ಬರೀ ಸಲೈನ್ ನೀರು. ಬೇಡ ಅಂದ್ರೆ ನೀವೇ ಚುಚ್ಕೋತೀರಲ್ಲ, ಅದಕ್ಕೆ."

ಸದಾಶಿವಪ್ಪನವರು ತಮ್ಮ ಮಂಡಿಯನ್ನು ನೋಡಿಕೊಂಡರು. ಮಡಚಿದರು. ಚಾಚಿದರು. "ಮತ್ತೆ ಇದು ವಾಸಿಯಾಗಿದ್ದು?"

ಅಷ್ಟರಲ್ಲಿ ಎಲ್ಲರೂ ಎದ್ದು ನಿಂತಿದ್ದರು.

"ಅಂದ್ರೆ ನಿಮಗೇನೂ ಆಗಿಲ್ಲ," ಎಂದರು ಉಚ್ಚಂಗಪ್ಪನವರು, ಮೋಸ ಹೋದ ಗಿರಾಕಿಯ ದನಿಯಲ್ಲಿ. "ನಾನು ಅಂಗಡಿ ಬಾಗಿಲು ಹಾಕ್ಕೊಂಡು ಬರ್ತಿದ್ದೆ! ದೊಡ್ಡಪ್ಪನ್ನ ನೆನೆಸ್ಕೊಂಡು ಅತ್ತಿದೀನ್ರೀ ನಾನು!"

ಮಾಸ್ತಮ್ಮಜ್ಜಿ ಮಂಚದ ಹತ್ತಿರ ಬಂದು ಅವರ ಮುಖವನ್ನೇ ದಿಟ್ಟಿಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಕುತೂಹಲವಿತ್ತು. "ಅಲ್ಲೋ ಸದಾಶಿವ, ನೂರಾ ಇಪ್ಪತ್ತು ವರ್ಷ ಇದ್ದು ಏನ್ ಮಾಡ್ತಿದ್ದೆ?"

ಸದಾಶಿವಪ್ಪನವರು ಹೊದಿಕೆಯ ದಾರ ಕಿತ್ತರು. "ಏನೂ ಇಲ್ಲಜ್ಜಿ," ಎಂದರು. "ನಾಲ್ಕು ಗಂಟೆಗೆ ನೀವೆಲ್ಲ ಬರ್ತಿದ್ರಿ."

ಆ ಉತ್ತರ ಪ್ರಶ್ನೆಗೆ ಸರಿಹೊಂದುವುದಿಲ್ಲವೆಂದು ಉಚ್ಚಂಗಪ್ಪನವರಿಗೆ ಅನಿಸಿತು. ಚಪ್ಪಲಿ ಮೆಟ್ಟಿದರು. ಹೊಸ್ತಿಲ ಬಳಿ ನೀಲಾಂಬಿಕಮ್ಮ ತಟ್ಟನೆ ನಿಂತು ಹಣೆ ಬಡಿದುಕೊಂಡರು.

"ಅಯ್ಯೋ ಶಿವನೇ! ನಾನು ಹರಕೆ ಹೊತ್ತುಬಿಟ್ಟಿದೀನಲ್ಲ! ತೊಗರ್ಸಿ ಮಲ್ಲಿಕಾರ್ಜುನಂಗೆ! ಇವರು ಎದ್ದು ಓಡಾಡೋ ಹಂಗಾದ್ರೆ ಓಣಿಯವರೆಲ್ಲ ಐದು ಸೋಮವಾರ ಬಂದು, ಇವರನ್ನ ನಡುವೆ ಕೂರಿಸ್ಕೊಂಡು ಗುಡಿ ಹತ್ರ ಬುತ್ತಿ ಉಣ್ತೀವಿ ಅಂತ!"

"ಕಾಯಿಲೆಯೇ ಇರ್ಲಿಲ್ಲ ಅಂದ್ಮೇಲೆ ಹರಕೆ ಎಲ್ಲಿಂದು?" ಎಂದರು ಉಚ್ಚಂಗಪ್ಪನವರು.

"ಇವರು ಓಡಾಡ್ತಾರೋ ಇಲ್ವೋ?"

"ಓಡಾಡ್ತಾರೆ."

"ಹಂಗಾದ್ರೆ ದೇವರು ತನ್ನ ಪಾಲಿಂದು ಮಾಡಿದಾನೆ. ಇದೆಲ್ಲ ಸುಳ್ಳಾಗಿತ್ತು, ಕೊಟ್ಟ ಮಾತು ವಾಪಸ್ ತಗೋ ಅಂತ ಅವನ ಮುಂದೆ ಹೋಗಿ ಹೇಳೋರು ಯಾರು? ನೀವು ಹೇಳ್ತೀರಾ?"

ಉಚ್ಚಂಗಪ್ಪನವರು ಹೇಳಲು ಸಿದ್ಧರಿರಲಿಲ್ಲ.

ಸೋಮವಾರ ಬಂತು. ಓಣಿಯ ಒಂಬತ್ತು ಜನ ಬುತ್ತಿಯ ಗಂಟು ಹೊತ್ತು ಶಿರಾಳಕೊಪ್ಪದ ಬಸ್ ಹತ್ತಿದರು. ಹೆಂಗಸರಿಗೆ ಟಿಕೆಟ್ ಇಲ್ಲದ್ದರಿಂದ ಹರಕೆ ಹಗುರವಾಗಿತ್ತು; ಟಿಕೆಟ್ ತೆಗೆಸಿದ ಉಚ್ಚಂಗಪ್ಪನವರ ಸಿಟ್ಟು ಎರಡರಷ್ಟಾಯಿತು. ಸದಾಶಿವಪ್ಪನವರ ಪಕ್ಕದ ಸೀಟು ತೊಗರ್ಸಿಯವರೆಗೂ ಖಾಲಿ ಬಂತು. ಗುಡಿಯ ಹತ್ತಿರ ನೆರಳಲ್ಲಿ ಎಲ್ಲರೂ ಸುತ್ತ ಕೂತು, ಹರಕೆಯ ಪ್ರಕಾರ ಅವರನ್ನು ನಟ್ಟನಡುವೆ ಕೂರಿಸಿದರು. ಮಾತಾಡಿಸಬೇಕೆಂದು ಹರಕೆಯಲ್ಲಿ ಇರಲಿಲ್ಲ. ಒಬ್ಬರೂ ಮಾತಾಡಿಸಲಿಲ್ಲ. ಶೇಂಗಾ ಚಟ್ನಿಯ ಡಬ್ಬಿ ಅವರ ತಲೆಯ ಮೇಲಿಂದ ಆಚೆ ಹೋಯಿತು, ಈಚೆ ಬಂತು. ಅವರ ಎಲೆಗೆ ಬಡಿಸುವ ಕೈಗಳು ಬಡಿಸಿ, ಅವರ ಮುಖ ನೋಡದೆ ಹಿಂದೆ ಸರಿದವು. ಕಲ್ಲಿನ ನಂದಿಯನ್ನು ನಡುವೆ ಇಟ್ಟುಕೊಂಡು ಉಂಡ ಹಾಗಿತ್ತು. ಎಂಟು ಜನ ಸುತ್ತ ಕೂತಿರುವಾಗ ಒಬ್ಬನೇ ಉಣ್ಣುವುದು ಹೇಗೆಂದು ಸದಾಶಿವಪ್ಪನವರು ಆ ದಿನ ಕಲಿತರು. ಮನೆಯಲ್ಲಿ ಗೋಡೆ ನೋಡಿ ಉಣ್ಣುವುದಕ್ಕಿಂತ ಕಷ್ಟವೇ. ಆದರೂ ಮುಂದಿನ ಸೋಮವಾರ ಎಲ್ಲರಿಗಿಂತ ಮೊದಲು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದರು.

ಎರಡನೆಯ ಸೋಮವಾರವೂ ಹಾಗೆಯೇ. ಮೂರನೆಯ ಸೋಮವಾರ ಎಲ್ಲರೂ ತಮ್ಮತಮ್ಮಲ್ಲಿ ನಗುವಾಗ ಇವರೂ ನಕ್ಕರು. ಕೂಡಲೇ ಎಲ್ಲರೂ ನಿಲ್ಲಿಸಿದರು. ನಾಲ್ಕನೆಯ ಸೋಮವಾರ ಉಚ್ಚಂಗಪ್ಪನವರು ಮರೆತು ಇವರ ಕಡೆ ಕೈಚಾಚಿ, "ಉಪ್ಪು," ಎಂದುಬಿಟ್ಟರು. ಸದಾಶಿವಪ್ಪನವರು ಕೊಟ್ಟರು. ಆ ಒಂದು ಮಾತನ್ನು ಜೋಪಾನವಾಗಿ ಮನೆಗೆ ತಂದು ಮಂಗಳವಾರ, ಬುಧವಾರದವರೆಗೆ ಇಟ್ಟುಕೊಂಡರು.

ಐದನೆಯ ಸೋಮವಾರ ಹರಕೆ ತೀರಿತು. ಮಂಗಳಾರತಿಯಾಯಿತು. ನೀಲಾಂಬಿಕಮ್ಮ ದೇವರಿಗೆ ಕೈಮುಗಿದು, "ಅಪ್ಪಾ, ನಿನ್ನದು ನಿನಗೆ ಒಪ್ಪಿಸ್ದೆ," ಎಂದು ದೊಡ್ಡ ಉಸಿರು ಬಿಟ್ಟರು. ಎಲ್ಲರೂ ಬಾಗಿಲ ಕಡೆ ತಿರುಗಿದರು. ಸದಾಶಿವಪ್ಪನವರು ಮಾತ್ರ ತಿರುಗಲಿಲ್ಲ. ಗಂಟಲು ಸರಿಮಾಡಿಕೊಂಡರು. ಗುಡಿ ಮೊಳಗುವ ಹಾಗೆ ಕೂಗಿಬಿಟ್ಟರು.

"ಮಲ್ಲಿಕಾರ್ಜುನಾ! ನಮ್ಮ ಓಣಿ ಮಾಸ್ತಮ್ಮಜ್ಜಿ ಕಣ್ಣು ನಿಚ್ಚಳ ಕಂಡ್ರೆ, ಓಣಿಯವರೆಲ್ಲ ಕೂಡಿ ಇಪ್ಪತ್ತೊಂದು ಸೋಮವಾರ ಬಂದು ಬುತ್ತಿ ಉಣ್ತೀವಿ!"

ಪೂಜಾರಿಯ ಕೈಯ ಗಂಟೆ ಅರ್ಧಕ್ಕೆ ನಿಂತಿತು. ಪರಶುರಾಮ ಕಂಬದ ಮರೆಗೆ ಹೋಗಿ ಬಾಯಿಗೆ ಕೈ ಇಟ್ಟುಕೊಂಡ.

ಮಾಸ್ತಮ್ಮಜ್ಜಿ ಸೊಂಟಕ್ಕೆ ಕೈಕೊಟ್ಟು ನಿಂತಳು. "ಏಯ್, ನನ್ನ ಕಣ್ಣಿಗೇನಾಗೈತೋ? ಹೋದ ವರ್ಷ ಆಪರೇಷನ್ ಆಗಿ, ಆ ಶಿಖರದ ಮೇಲೆ ಕೂತ ಗಿಣಿ ಮೂಗು ಕೆಂಪಗಿರೋದೂ ಕಾಣ್ತೈತೆ ನನಗೆ!"

"ಹಂಗಾದ್ರೆ ದೇವರು ತನ್ನ ಪಾಲಿಂದು ಮಾಡಿದಾನಜ್ಜಿ," ಎಂದರು ಸದಾಶಿವಪ್ಪನವರು. "ಬರೋ ಸೋಮವಾರದಿಂದ್ಲೇ ಶುರು ಮಾಡ್ಬೇಕಾಗುತ್ತೆ."

ಉಚ್ಚಂಗಪ್ಪನವರು ದೇವರನ್ನು ನೋಡಿದರು, ಪೂಜಾರಿಯನ್ನು ನೋಡಿದರು; ಇಬ್ಬರಿಂದಲೂ ಸಹಾಯ ಬರಲಿಲ್ಲ. ಎಲ್ಲರೂ ನೀಲಾಂಬಿಕಮ್ಮನ ಮುಖ ನೋಡಿದರು. ನೀಲಾಂಬಿಕಮ್ಮ ಸದಾಶಿವಪ್ಪನವರನ್ನು ಫ್ರಿಜ್ಜಿನಲ್ಲಿ ಮರೆತುಹೋದ ಪಾತ್ರೆಯನ್ನು ಮುಚ್ಚಳ ತೆಗೆದು ನೋಡುವ ಹಾಗೆ ನೋಡಿದರು.

"ಎಷ್ಟು ಸೋಮವಾರ ಅಂದ್ರಿ?"

"ಇಪ್ಪತ್ತೊಂದು."

"ಕರ್ಮ!" ಎಂದು ಬುತ್ತಿಯ ಗಂಟನ್ನು ಎತ್ತಿ ಅವರ ಕೈಗೆ ಕೊಟ್ಟರು. "ಇಪ್ಪತ್ತೊಂದು ಸಲ ಎಲ್ಲಾನೂ ನಾನೇ ಮಾಡಕ್ಕಾಗಲ್ಲ ನೋಡ್ರಿ. ಬರೋ ವಾರದ ಚಟ್ನಿ ನಿಮ್ದು."

ಸದಾಶಿವಪ್ಪನವರಿಗೆ ಚಟ್ನಿ ಮಾಡಲು ಬರುತ್ತಿರಲಿಲ್ಲ.

"ಆಯ್ತ್ರೀ," ಎಂದರು. "ಖಾರ ಎಷ್ಟಿರ್ಬೇಕು?"